ಖಾಲಿ ಡಬ್ಬಿಯ ಕುಡುಕ

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಮರಿಬಸಪ್ಪನಿಗೆ ಹೇಳಿಕೊಳ್ಳುವಂಥ ಸಾಧನೆಗಳು ಎರಡೇ ಎರಡು. ಒಂದು, ಬುದ್ಧಿ ಬಂದಾಗಿನಿಂದ ಹಣೆಯ ವಿಭೂತಿ ತಪ್ಪಿಸಿದವನಲ್ಲ, ವೈನ್ ಶಾಪಿರುವ ಓಣಿ ತುಳಿದವನಲ್ಲ. ಎರಡು, ಇಪ್ಪತ್ತೇಳು ವರ್ಷದ ಅವನ ಸ್ಕೂಟರನ್ನು ಈವರೆಗೆ ಒಬ್ಬ ಮೆಕ್ಯಾನಿಕ್ಕನೂ ಮುಟ್ಟಿರಲಿಲ್ಲ. ಮೊದಲನೆಯದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ, ಹಣೆಯೇ ಹೇಳುತ್ತಿತ್ತು. ಎರಡನೆಯದನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಎರಡನೆಯದನ್ನು ಉಳಿಸಿಕೊಳ್ಳಲು ಹೋಗಿ ಮೊದಲನೆಯದನ್ನು ಒಂದು ದಿನ ಕಳೆದುಕೊಂಡ ಸಂಗತಿಯಿದು.

ಆ ಸ್ಕೂಟರು ನಾಲ್ಕು ಒದೆ ತಿಂದ ಮೇಲೆ "ಖೊಕ್... ಖೊಕ್ಖೊಕ್... ಡುರ್ರ್ರ್" ಎಂದು, ಭಾಷಣಕ್ಕೆ ನಿಂತ ಹಿರಿಯರು ಗಂಟಲು ಸರಿಮಾಡಿಕೊಳ್ಳುವ ಹಾಗೆ ಶುರುವಾಗುತ್ತಿತ್ತು. ಊರವರೆಲ್ಲ ಅಮಾವಾಸ್ಯೆಗೆ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಕೈಮುಗಿಯುತ್ತಿದ್ದರು. ಮರಿಬಸಪ್ಪನ ಪೂಜೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅವನು ಗಾಡಿಯ ಗರ್ಭಗುಡಿಗೇ ಕೈಹಾಕುತ್ತಿದ್ದ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಅದಕ್ಕೂ ಒಂದು ಗೆರೆ ವಿಭೂತಿ ಎಳೆದು, ಮತ್ತೆ ಕೂರಿಸಿ ಬಿಗಿ ಮಾಡುತ್ತಿದ್ದ. ಬಿಗಿಯಾದ ಮೇಲೆ "ಇದು ಬಸವಣ್ಣನ ಹೆಸರ್ಲೆ" ಎಂದು ಇನ್ನೊಂದು ಸುತ್ತು. ತಿಂಗಳಿಗೊಂದು ಹೆಚ್ಚಿನ ಸುತ್ತಿನಂತೆ ಇಪ್ಪತ್ತೇಳು ವರ್ಷ. ದೇವರು ಎಲ್ಲವನ್ನೂ ಸಹಿಸಿಕೊಂಡ. ಇಂಜಿನ್ನಿನ ಅಲ್ಯೂಮಿನಿಯಂ ಎಷ್ಟೆಂದು ಸಹಿಸೀತು?

ಇಷ್ಟು ಸಾಲದೆಂಬಂತೆ ಮಗಳು ಅಶ್ವಿನಿಯ ಮದುವೆಯಲ್ಲಿ ಅವನೊಂದು ಮಾತು ಆಡಿಬಿಟ್ಟಿದ್ದ. ಬೀಗರು ಹಾಲಹರವಿಯ ನಾಗಭೂಷಣಪ್ಪನವರು. ಮೆಣಸಿನಕಾಯಿ, ಹತ್ತಿ ಬೆಳೆಯುವ ದೊಡ್ಡ ಒಕ್ಕಲು. ಅವರು ಸ್ಕೂಟರನ್ನು ಮೇಲಿಂದ ಕೆಳಗೆ ನೋಡಿ, "ಬೀಗರೆ, ಇದನ್ನ ಗುಜರಿಗೆ ಹಾಕ್ರಿ. ಬರಬೇಕಾದಾಗ ಒಂದು ಫೋನ್ ಮಾಡ್ರಿ, ಕಾರ್ ಕಳಿಸ್ತೀನಿ" ಎಂದಿದ್ದರು. ಬೀಗರ ಮುಂದೆ ಬೀಗದೆ ಮತ್ತೆಲ್ಲಿ ಬೀಗುವುದು? ಮರಿಬಸಪ್ಪ ಸೀಟಿನ ಮೇಲೆ ಕೈಬಡಿದು, "ಇದಕ್ಕ ಮೆಕ್ಯಾನಿಕ್ ಕೈ ಹಚ್ಚಿದ ದಿನ ನಾ ನಿಮ್ಮ ಬಾಗಿಲಿಗೆ ನಡಕೊಂಡು ಬರ್ತೀನಿ" ಎಂದಿದ್ದ.

ಈಗ ಅಶ್ವಿನಿ ಏಳು ತಿಂಗಳ ಬಸುರಿ. ಗುರುವಾರ ಹತ್ತೂವರೆಗೆ ಹಾಲಹರವಿಯಲ್ಲಿ ಕುಬಸ, ಅಂದರೆ ಸೀಮಂತ. ತವರಿನ ಬುತ್ತಿ, ಹಸಿರು ಸೀರೆ, ಬಳೆ ತೆಗೆದುಕೊಂಡು ಗಂಡಹೆಂಡಿರು ಸ್ಕೂಟರಿನಲ್ಲೇ ಬರುವರೆಂದು ಅವನು ಬೀಗರಿಗೆ ಎರಡೆರಡು ಸಲ ಫೋನ್ ಮಾಡಿ ತಿಳಿಸಿದ್ದ. ಅಮಾವಾಸ್ಯೆ ದೂರವಿದ್ದರೂ ಇಂಥ ಕಾರ್ಯಕ್ಕೆ ವಿಶೇಷ ಪೂಜೆ ಬೇಡವೇ? ಬುಧವಾರ ಬೆಳಿಗ್ಗೆ ಹಿತ್ತಲಲ್ಲಿ ಪ್ಲಗ್ ಬಿಚ್ಚಿ, ಉಜ್ಜಿ, ವಿಭೂತಿ ಹಚ್ಚಿ ಕೂರಿಸಿದ. ಮಗಳ ಹೆಸರಲ್ಲಿ ಒಂದು ಸುತ್ತು. ಮೊಮ್ಮಗುವಿನ ಹೆಸರಲ್ಲಿ ಇನ್ನೊಂದು. ಅವಳಿಜವಳಿ ಆದರೆ ಎಂದು ಮೂರನೆಯದಕ್ಕೆ ಪ್ಲಗ್ ತಿರುವುವ ಪಾನಾದ ತುದಿಗೆ ಉದ್ದನೆಯ ನೀರಿನ ಪೈಪು ಸಿಕ್ಕಿಸಿ ಒತ್ತಿದ.

ಒಳಗೆ ಏನೋ "ಕರಕ್" ಎಂದಿತು. ಪ್ಲಗ್ಗು ತಟ್ಟನೆ ಬಹಳ ವಿಧೇಯವಾಯಿತು. ಯಾವ ಕಡೆ ತಿರುವಿದರೂ ಹೂಂ ಎನ್ನತೊಡಗಿತು. ಒದ್ದು ಚಾಲೂ ಮಾಡಿದರೆ "ಫಟ್!" ಎಂದು ಹಾರಿ ಹೊರಬಂತು.

*

ಮೆಕ್ಯಾನಿಕ್ ಆಂಜಿಯ ಶೆಡ್ಡಿನ ಮುಂದೆ ಮರಿಬಸಪ್ಪ ಮೂರು ಸಲ ಅತ್ತಿತ್ತ ಸುಳಿದಾಡಿದ. ನಾಲ್ಕನೆಯ ಸಲ ಆಂಜಿಯೇ ಕರೆದ.

"ಏನ್ ಮಾವಾ, ಏನರ ಕಳಕೊಂಡೀರೇನು?"

"ನಾನೇನ್ ಕಳಕೊಳ್ಳಲಿ? ನನ್ನ ಗೆಳೆಯ ಒಬ್ಬಾವ ಅದಾನ. ಕೋಸಗಿಯಾವ. ಅವನ ಸ್ಕೂಟರಿಂದು ಪ್ಲಗ್ ಕುಂದ್ರವಲ್ದಂತ. ತಿರುವಿದಷ್ಟೂ ತಿರುಗತೈತಂತ."

"ಎಷ್ಟು ಬಿಗಿ ಮಾಡಿದ್ರಂತ ನಿಮ್ಮ ಗೆಳೆಯಾರು?"

"ಸ್ವಲ್ಪ. ಪಾನಾಕ್ಕ ಒಂದು ಪೈಪ್ ಹಾಕಿ."

"ಎಷ್ಟುದ್ದದ ಪೈಪು?"

ಮರಿಬಸಪ್ಪ ಎರಡೂ ಕೈ ಅಗಲಿಸಿ ತೋರಿಸಿದ. ಸಾಲದೆ ಒಂದು ಹೆಜ್ಜೆ ಪಕ್ಕಕ್ಕೂ ಸರಿದ. ಆಂಜಿ ಕೈಯಲ್ಲಿದ್ದ ಚಹಾ ಕೆಳಗಿಟ್ಟ.

"ಅದು ಪ್ಲಗ್ ರೀ ಮಾವಾ. ಬೋರ್‌ವೆಲ್ ಅಲ್ಲ. ತೂತಿನೊಳಗಿನ ಥ್ರೆಡ್ಡು, ಆ ಸುರುಳಿ ಗೆರಿ, ಪೂರಾ ಸವದು ಹೋಗ್ಯಾವ. ಹೆಡ್ ಬಿಚ್ಚಿ ಬಳ್ಳಾರಿಗೆ ಕಳಿಸಿ, ಲೇತಿನ್ಯಾಗ ಬುಶ್ ಹಾಕಿಸಬೇಕು. ನಾಕು ದಿನ."

"ನನಗ... ನನ್ನ ಗೆಳೆಯಾಗ ನಾಳೆ ಹತ್ತೂವರಿಗೆ ಬೇಕಂತಲ್ಲೋ!"

"ಹಂಗಾದ್ರ ಒಂದು ಉಪಾಯ ಐತಿ." ಆಂಜಿ ದನಿ ತಗ್ಗಿಸಿದ. "ಬೀರಿನ ಡಬ್ಬಿ ಇರತೈತಲ್ಲ, ತಗಡಿಂದು. ಅದನ್ನ ಸಣ್ಣ ಪಟ್ಟಿ ಕತ್ತರಿಸಿ, ತೂತಿನೊಳಗ ಸುತ್ತಲೂ ಇಟ್ಟು, ಮ್ಯಾಲ ಪ್ಲಗ್ ತಿರುವಬೇಕು. ನಸೀಬಿದ್ರ ಎರಡು ದಿನ ಹಿಡಿತೈತಿ."

"ಹಾಲಿನ ಪುಡಿ ಡಬ್ಬಿ ಆಗಂಗಿಲ್ಲೇನು?"

"ಅದು ದಪ್ಪ."

"ಕೂಲ್‌ಡ್ರಿಂಕಿಂದು?"

"ಅದು ನಡಿತೈತಿ. ಆದ್ರ ಈಗ ಎಲ್ಲಾ ಪ್ಲಾಸ್ಟಿಕ್ ಬಾಟ್ಲಿನೇ ಬರತಾವಲ್ಲ. ನಾನೇ ಬಂದು ಹಾಕಿ ಕೊಡ್ಲೇನು?"

ಮರಿಬಸಪ್ಪ ಚೇಳು ಕುಟುಕಿದವನಂತೆ ನೆಗೆದ. "ಬ್ಯಾಡ! ನೀ ಯಾಕ ಅಷ್ಟು ದೂರ ಕೋಸಗಿಗೆ ಹೋಗ್ತಿ?"

ಆಂಜಿ ನಗು ನುಂಗಿಕೊಂಡು ಕೈಮುಗಿದ. "ಸರೇ. ಕೋಸಗಿ ಸ್ಕೂಟರಿಗೆ ನನ್ನ ಶರಣು ಹೇಳ್ರಿ."

*

ಐವತ್ತೈದು ವರ್ಷ ತುಳಿಯದ ಓಣಿಯನ್ನು ಮರಿಬಸಪ್ಪ ಅಂದು ಮಧ್ಯಾಹ್ನ ತುಳಿದ. ವಿಭೂತಿ ಅಳಿಸಲು ಮನಸ್ಸು ಬರಲಿಲ್ಲ. ಟವೆಲನ್ನು ಹುಬ್ಬಿನವರೆಗೆ ಎಳೆದುಕೊಂಡ. ಅದರಿಂದಾಗಿ, ಸುಮ್ಮನೆ ಹೋಗಿದ್ದರೆ ಯಾರೂ ನೋಡದಿದ್ದವನನ್ನು ಎಲ್ಲರೂ ನೋಡಿದರು.

"ಏಂ ಕಾವಾಲಿ ಸಾರ್?" ಎಂದು ತೆಲುಗಿನಲ್ಲಿ ಏನು ಬೇಕೆಂದು ಕೇಳಿದ ಕೌಂಟರಿನವನು.

"ಬೀರಿನ ಡಬ್ಬಿ," ಎಂದ ಮರಿಬಸಪ್ಪ, ಕಿವಿಯಲ್ಲಿ ಮಂತ್ರ ಹೇಳುವವನ ದನಿಯಲ್ಲಿ. "ಖಾಲಿದು."

"ಖಾಳೀದಾ?" ಅವನು ಒಳಗೆ ಕೂತು ಕುಡಿಯುತ್ತಿದ್ದವರ ಕಡೆ ತಿರುಗಿ ಗಂಟಲು ತೆರೆದ. "ರೇಯ್, ಈ ಸಾರ್‌ಕಿ ಖಾಳೀ ಡಬ್ಬಾ ಕಾವಾಲಂಟ ರಾ!"

ಕುಡಿಯುವ ಸಮಾಜದಷ್ಟು ಕರುಣೆ ಇನ್ನೊಂದು ಸಮಾಜಕ್ಕಿಲ್ಲ. "ಪಾಪ, ಕೊಳ್ಳಾಕ ಆಗವಲ್ದು, ತಳದಾಗಿಂದು ನೆಕ್ಕಾಕ ಕೇಳಕತ್ತಾರ ಹಿರಿಯಾರು" ಎಂದು ಒಬ್ಬ ಕಣ್ಣೊರೆಸಿಕೊಂಡ. ಮೂವರು ಎದ್ದು ಬಂದು ತಂತಮ್ಮ ಡಬ್ಬಿ ಕೈಗಿಟ್ಟರು. "ತಗೋ ಅಣ್ಣಾ, ಇನ್ನೂ ಒಂದು ಗುಟುಕು ಬಿಟ್ಟೀನಿ ನಿನಗಂತ." ಮರಿಬಸಪ್ಪ ಆ ಮೂರು ಗುಟುಕನ್ನೂ ಮೋರಿಗೆ ಸುರಿಯಲು ಹೋದ. ಅರ್ಧ ಮೋರಿಗೆ ಬಿತ್ತು, ಅರ್ಧ ಅಂಗಿಗೆ.

ತಲೆ ಎತ್ತಿದರೆ ಎದುರಿಗೇ ಎರ್ರಮ್ಮ. ಅವನ ಪಕ್ಕದ ಮನೆಯವಳು. ಅವಳು ಅದೇ ಮೂಲೆಯಲ್ಲಿ ಮಿರ್ಚಿ ಬಜ್ಜಿ ಬಂಡಿ ಇಟ್ಟಿದ್ದಾಳೆಂಬುದು ಅವನಿಗೆ ಗೊತ್ತಿರಲಿಲ್ಲ. ಆ ಓಣಿಗೆ ಬಂದವನಾದರೆ ತಾನೆ?

"ಅಣ್ಣಾ... ನೀವಾ?"

ಮೂರು ಡಬ್ಬಿ ಎದೆಗವಚಿಕೊಂಡು ನಿಂತ ಮನುಷ್ಯ ಏನಾದರೂ ಹೇಳಲೇಬೇಕಾಗಿತ್ತು. ಲೋಕದಲ್ಲಿ ಹೇಳಬಹುದಾದ ಮಾತುಗಳು ಸಾವಿರಾರಿರುವಾಗ ಅವನ ಬಾಯಿಗೆ ಬಂದದ್ದು, "ಬಜ್ಜಿ ಬಿಸಿ ಅದಾವೇನವ್ವಾ?"

ಎರ್ರಮ್ಮನಿಗೆ ಇನ್ನು ಸಾಕ್ಷಿ ಬೇಕಿರಲಿಲ್ಲ.

ಡಬ್ಬಿಗಳನ್ನು ತುಳಿದು ಚಪ್ಪಟೆ ಮಾಡಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಅವನು ಹೊರಟ. ಹರಿದ ತಗಡಿನ ಅಂಚು ಹೆಜ್ಜೆಗೊಮ್ಮೆ ತೊಡೆಗೆ ಚುಚ್ಚುತ್ತಿತ್ತು. ಎಡಕ್ಕೆ ಚುಚ್ಚಿದರೆ ಬಲಕ್ಕೆ ವಾಲಿ, ಬಲಕ್ಕೆ ಚುಚ್ಚಿದರೆ ಎಡಕ್ಕೆ ವಾಲಿ, ನಡುನಡುವೆ "ಹಾಂ... ಸ್ಸ್..." ಎನ್ನುತ್ತ ಮನೆ ಸೇರಿದ. ಅವನಿಗಿಂತ ಮೊದಲೇ ಸುದ್ದಿ ಸೇರಿತ್ತು. ಓಣಿಯ ಕಟ್ಟೆಯ ಮೇಲೆ ಎರ್ರಮ್ಮ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, "ಬಜ್ಜಿ... ಸ್ಸ್... ಬಿಸಿ ಅದಾವೇನವ್ವಾ" ಎಂದು ಅವನ ಪಾತ್ರ ಅಭಿನಯಿಸುತ್ತಿದ್ದಳು. ಮೂರು ಡಬ್ಬಿ ಓಣಿಯ ಆ ತುದಿಗೆ ಆರಾಯಿತು. ಗಿರಣಿಯ ಹತ್ತಿರ ಹನ್ನೆರಡಾಯಿತು. ಗುಡಿಯ ಮುಂದೆ ಬಂದಾಗ ಅವನು ಹತ್ತು ವರ್ಷದಿಂದ ಅಲ್ಲಿನ ಗಿರಾಕಿಯಾಗಿದ್ದ.

*

ಹಿತ್ತಲಲ್ಲಿ ಮರಿಬಸಪ್ಪ ಪಟ್ಟಿ ಕತ್ತರಿಸಿದ. ಮೊದಲನೆಯದು ಇಟ್ಟು, ಪೈಪಿನಿಂದ ಬಿಗಿದು, ಒದ್ದ. "ಫಟ್!" ಪ್ಲಗ್ಗು ಹಾರಿ ಹಿತ್ತಾಳೆ ಕೊಡಕ್ಕೆ ಬಡಿದು "ಣಂಯ್" ಎಂದಿತು. ಎರಡನೆಯದು. "ಫಟಾರ್!" ಗೋಡೆ ದಾಟಿ ಎರ್ರಮ್ಮನ ಸಂಡಿಗೆಯ ನಡುವೆ ಬಿತ್ತು. "ಅಯ್ಯಯ್ಯೋ, ಈಗ ಒಗಿಯಾಕ ಬ್ಯಾರೆ ಹತ್ತಿದ್ರು!" ಎಂಬ ಕೂಗಿನೊಂದಿಗೆ ಪ್ಲಗ್ಗು ಗೋಡೆ ದಾಟಿ ವಾಪಸು ಬಂತು. ಮೂರನೆಯ ಪಟ್ಟಿ ಒಳಗೇ ಮುದುಡಿ ಚಿಂದಿಯಾಯಿತು.

ಅಷ್ಟರಲ್ಲಿ ಹೆಂಡತಿ ಗುರುಶಾಂತಮ್ಮನ ಅಣ್ಣ ಚಿನ್ನಪ್ಪ ಬಂದ. ನಶೆ ಇಳಿಸಲೆಂದು ಒಂದು ಕೈಯಲ್ಲಿ ನಿಂಬೆಹಣ್ಣಿನ ಚೀಲ, ಇನ್ನೊಂದರಲ್ಲಿ ಮಜ್ಜಿಗೆಯ ತಂಬಿಗೆ. ಬಂಧುಗಳ ಗುಟ್ಟು ಇಡೀ ತಾಲ್ಲೂಕಿಗೆ ಹಂಚಿಯೇ ಕಾಪಾಡುವವನು ಅವನು. ಸ್ಕೂಟರಿನ ಸಂಗತಿ ಅವನ ಕಿವಿಗೆ ಬಿದ್ದರೆ ಹಾಲಹರವಿ ಮುಟ್ಟಲು ಮೂರು ನಿಮಿಷ ಸಾಕೆಂದು ಮರಿಬಸಪ್ಪನಿಗೆ ಗೊತ್ತಿತ್ತು. ಬಾಯಿ ಬಿಗಿಹಿಡಿದು ಕೂತ. ಚಿನ್ನಪ್ಪ ಹತ್ತಿರ ಬಂದು ಅಂಗಿ ಮೂಸಿ, ಕಣ್ಣು ಮುಚ್ಚಿಕೊಂಡ.

"ಭಾವಾ, ಯಾವಾಗಿಂದ?"

"ಮುಂಜಾನಿಂದ."

"ಎಷ್ಟಾದುವು?"

"ಮೂರು. ಮೂರರಾಗ ಒಂದೂ ಹಿಡೀಲಿಲ್ಲ."

"ಮೂರು ಹೋದ್ರೂ ಹಿಡೀಲಿಲ್ಲಂದ್ರ ಇದು ಹಳೇ ರೋಗ ಭಾವಾ! ಮನಸಿನ್ಯಾಗಿಂದು ಹೇಳ್ರಿ, ಯಾಕ ಹಿಂಗ ಮಾಡಿದ್ರಿ?"

"ಅತೀ ಬಿಗಿ ಮಾಡಿದೆ," ಎಂದ ಮರಿಬಸಪ್ಪ, ಸೋತ ದನಿಯಲ್ಲಿ. "ಇಪ್ಪತ್ತೇಳು ವರ್ಷ ಬಿಗಿ ಮಾಡಿ ಮಾಡಿ ಇವತ್ತು ಕೈ ಬಿಟ್ಟು ಹೋತು."

ಚಿನ್ನಪ್ಪನಿಗೆ ಕಣ್ಣೀರು ಬಂತು. ಇಷ್ಟು ವರ್ಷ ಆಸೆ ಬಿಗಿಹಿಡಿದ ಮನುಷ್ಯ! ಅಂಗಳಕ್ಕೆ ಹೋಗಿ, ಗುಟ್ಟಾಗಿ ಮಾತಾಡುವವರ ದೊಡ್ಡ ದನಿಯಲ್ಲಿ ಹಾಲಹರವಿಗೆ ಫೋನ್ ಹಚ್ಚಿದ. "ಬೀಗರೆ, ನಾಳೆ ನಮ್ಮ ಭಾವನೋರು ಒಂದೀಟು ತೂರಾಡಿದ್ರ ಮನಸಿಗೆ ಹಚ್ಕೋಬ್ಯಾಡ್ರಿ. ಮನಿ ಮಾನ. ವೈನ್ ಶಾಪಿನ್ಯಾಗ ಖಾಲಿ ಡಬ್ಬಿ ಕೇಳಿ ಇಸ್ಕೊಂಡಾರಂತ..."

ಆ ಕಡೆಯಿಂದ ನಾಗಭೂಷಣಪ್ಪನವರು ಕೇಳಿದ್ದು ಒಂದೇ ಮಾತು. "ಖಾಲಿದಾ?"

"ಹೌದ್ರಿ, ಖಾಲಿದು."

ಫೋನ್ ಕಟ್ಟಾಯಿತು. "ಸಿಟ್ಟು ಎಷ್ಟೈತಿ ನೋಡ್ರಿ, ಮಾತೂ ಆಡಲಿಲ್ಲ" ಎಂದು ಚಿನ್ನಪ್ಪ ತಂದ ಮಜ್ಜಿಗೆಯನ್ನು ತಾನೇ ಕುಡಿದ. ಮರಿಬಸಪ್ಪ ಗೋಡೆಗೆ ಒರಗಿದ. ನಡೆದು ಹೋಗಬೇಕು. ಬೀಗರ ಬಾಗಿಲಿಗೆ ನಡೆದು ಹೋಗಬೇಕು. ಅದೂ ಕುಡುಕ ಎನ್ನಿಸಿಕೊಂಡು. ಕುಬಸದ ಮಣೆಯ ಮೇಲೆ ಕೂತ ಮಗಳು ಎಲ್ಲರ ಮುಂದೆ ತಲೆ ತಗ್ಗಿಸಬೇಕು.

*

ಗುರುಶಾಂತಮ್ಮ ಇಷ್ಟು ಹೊತ್ತೂ ಕರ್ಜಿಕಾಯಿ ಕರಿಯುತ್ತಿದ್ದಳು. ಓಣಿಗೆ ಓಣಿಯೇ ಬಂದು "ಪಾಪ ನಿನ್ನ ಹಣೇಬರ" ಎಂದಾಗಲೂ "ಉಪ್ಪಿಟ್ಟು ತಿಂದು ಹೋಗ್ರಿ" ಎಂದಿದ್ದಳಷ್ಟೇ. ಚಿನ್ನಪ್ಪ ಹೋದ ಮೇಲೆ, ಇಳಿ ಬಿಸಿಲಲ್ಲಿ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದಳು. ಪೈಪು ನೋಡಿದಳು. ಹರಿದ ಡಬ್ಬಿ ನೋಡಿದಳು. ಪ್ಲಗ್ಗನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಇದರ ತಿರುಪು ಸಡ್ಲಾಗೇತಿ. ಹೌದಲ್ಲ?"

"ತಿರುಪು ಅಲ್ಲ. ಥ್ರೆಡ್ಡು. ನಿನಗ ತಿಳಿಯಂಗಿಲ್ಲ ಬಿಡು."

"ಹೌದ್ರಿ, ನನಗೇನು ತಿಳಿತೈತಿ." ಅವಳು ಬಲಗಿವಿಯ ಬೆಂಡೋಲೆಯನ್ನು ಬಿಚ್ಚಿ ಅವನ ಅಂಗೈಯ ಮೇಲಿಟ್ಟಳು. "ನಮ್ಮವ್ವನ ಕಾಲದ್ದು. ತಿರುಪು ಸವದು ಹದಿನೈದು ವರ್ಷ ಆತು. ಒಂದು ದಿನರ ಬಿದ್ದೈತೇನು? ನೋಡ್ರಿ ಸರಿಯಾಗಿ."

ಮರಿಬಸಪ್ಪ ಕನ್ನಡಕ ಏರಿಸಿ ನೋಡಿದ. ಓಲೆಯ ಕಡ್ಡಿಯ ಸುರುಳಿ ಗೆರೆಯೊಳಗೆ ಒಂದೆಳೆ ದಾರ, ಗೆರೆ ಹೋದಲ್ಲೆಲ್ಲ ತಾನೂ ಹೋಗಿ, ಅಚ್ಚುಕಟ್ಟಾಗಿ ಮಲಗಿತ್ತು.

"ಓಲಿ ತಿರುಪು ಸಡ್ಲಾದ್ರ ನಾವೇನು ಬೀರಿನ ಡಬ್ಬಿ ತರ್ತೀವೇನ್ರಿ?"

ಮರಿಬಸಪ್ಪ ಓಲೆಯನ್ನು ಮರಳಿ ಅವಳ ಕೈಗಿಟ್ಟ. "ದಾರ ಸುಟ್ಟು ಹೋಗತೈತಿ. ಅದು ಇಂಜಿನ್ನು" ಎಂದ.

"ಸುಡದಂಥಾ ದಾರ ಹಾಕಿದ್ರಾತು." ಅವಳು ಕೆಟ್ಟು ಮೂಲೆ ಸೇರಿದ್ದ ಮಿಕ್ಸಿಯ ವೈರು ತಂದು, ಮೇಲಿನ ರಬ್ಬರು ಸುಲಿದು, ಒಳಗಿಂದ ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳನ್ನು ಹಿರಿದಳು. ಎರಡೆಳೆ ಜೋಡಿಸಿ ಪ್ಲಗ್ಗಿನ ಗೆರೆಯೊಳಗೆ ತುದಿಯಿಂದ ಸುತ್ತುತ್ತ ಬಂದಳು. "ಒಳಗ ತಿರುಗೋ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದ್ರ ಬಿಚ್ಚಿಕೊಂಡು ಬರತೈತಿ." ಆಮೇಲೆ ಪ್ಲಗ್ಗನ್ನು ತೂತಿಗಿಟ್ಟು ಮೂರು ಬೆರಳಲ್ಲಿ ತಿರುಗಿಸತೊಡಗಿದಳು. ಕಣ್ಣು ಎತ್ತಲೋ ಇತ್ತು. ಕನ್ನಡಿಯಿಲ್ಲದೆ ಕಿವಿಯ ಹಿಂದೆ ತಿರುಗಿಸಿ ರೂಢಿಯಿದ್ದ ಬೆರಳಿಗೆ ಕಣ್ಣು ಯಾಕೆ? ಸುತ್ತು, ಸುತ್ತು, ಇನ್ನೊಂದು ಸುತ್ತು. ಹಿಡಿಯಿತು. ಪಾನಾದಿಂದ ಚೂರೇ ಚೂರು ಒತ್ತಿದಳು. ಮರಿಬಸಪ್ಪನ ಕೈ ತಾನಾಗಿಯೇ ಪೈಪಿನ ಕಡೆ ಹೋಯಿತು. ಗುರುಶಾಂತಮ್ಮ ಆ ಕೈಗೆ ಒಂದು ಪೆಟ್ಟು ಕೊಟ್ಟಳು.

"ಇಷ್ಟು ಸಾಕೇನು?"

"ಓಲಿ ಹಾಕ್ಕೊಳ್ಳಾಕ ಪೈಪ್ ಬೇಕೇನು?"

ಅವನು ಆದಷ್ಟು ದೂರ ನಿಂತು, ಮುಖ ಪಕ್ಕಕ್ಕೆ ತಿರುಗಿಸಿ ಒದ್ದ. "ಖೊಕ್... ಖೊಕ್ಖೊಕ್... ಡುರ್ರ್ರ್ರ್!" ಗೋಡೆಯಾಚೆ ಎರ್ರಮ್ಮ ಸಂಡಿಗೆಯ ಮೇಲೆ ಬುಟ್ಟಿ ಮುಚ್ಚಿದಳು. ಪ್ಲಗ್ಗು ಮಾತ್ರ ಮಿಸುಕಲಿಲ್ಲ.

*

ಗುರುವಾರ ಬೆಳಿಗ್ಗೆ ಆಲೂರಿನ ಹತ್ತಿರ ಕಾನ್‌ಸ್ಟೇಬಲ್ ಗೋವಿಂದಪ್ಪ ಕೈ ಅಡ್ಡ ಹಾಕಿದ. ಎತ್ತಿನ ಬಂಡಿಗಿಂತಲೂ ಹಿಂದೆ ಬೀಳುತ್ತಿದ್ದ ಸ್ಕೂಟರು ಅವನಿಗೆ ಅನುಮಾನ ತಂದಿತ್ತು. ಪ್ಲಗ್ಗಿನ ಮೇಲೆ ಜೀವ ಇಟ್ಟುಕೊಂಡು ಮರಿಬಸಪ್ಪ ಅಷ್ಟು ಮೆಲ್ಲಗೆ ಓಡಿಸುತ್ತಿದ್ದ.

"ಊದಂಡಿ," ಎಂದು ಕುಡಿತ ಅಳೆಯುವ ಯಂತ್ರ ಹಿಡಿದ. ಮರಿಬಸಪ್ಪ ಊದಿದ. ಸೊನ್ನೆ. ಗೋವಿಂದಪ್ಪ ಡಿಕ್ಕಿ ತೆಗೆಸಿದ. ಅವಸರದಲ್ಲಿ ಉಪಕರಣಗಳ ಜೊತೆ ತುರುಕಿದ್ದ ಮೂರು ಚಪ್ಪಟೆ ಬೀರು ಡಬ್ಬಿ ಹೊರಬಿದ್ದವು.

"ಡಬ್ಬಿ ಮೂರು, ಮಷೀನಿನ್ಯಾಗ ಸೊನ್ನೆ. ಇದೆಂಥಾ ಲೆಕ್ಕ ಸ್ವಾಮಿ? ಇನ್ನೊಮ್ಮೆ ಊದ್ರಿ."

ಮತ್ತೆ ಸೊನ್ನೆ. ಯಂತ್ರ ಕೆಟ್ಟಿತೆಂದು ಗೋವಿಂದಪ್ಪ ತಾನೇ ಊದಿ ನೋಡಿದ. ಯಂತ್ರ ಸೊನ್ನೆ ಎನ್ನಲಿಲ್ಲ. ಬೇರೇನೋ ಅಂದಿತು. ಅವನು ಲಗುಬಗೆಯಿಂದ ಅದನ್ನು ಜೇಬಿಗಿಳಿಸಿ, ಸುತ್ತಮುತ್ತ ನೋಡಿ, "ಮಷೀನ್ ಖರಾಬಾಗೇತಿ. ನಡೀರಿ, ನಡೀರಿ, ಶುಭಕಾರ್ಯಕ್ಕ ಹೊಂಟೀರಿ" ಎಂದು ಬಹಳ ಗೌರವದಿಂದ ಬೀಳ್ಕೊಟ್ಟ. ಗುರುಶಾಂತಮ್ಮ ಅವನ ಕೈಗೆ ಎರಡು ಕರ್ಜಿಕಾಯಿ ಇಟ್ಟಳು.

ಹತ್ತು ಇಪ್ಪತ್ತಕ್ಕೆ "ಡುರ್ರ್ರ್" ಎಂದು ಸ್ಕೂಟರು ಹಾಲಹರವಿಯ ಬೀಗರ ಬಾಗಿಲಲ್ಲಿ ನಿಂತಿತು. ಮರಿಬಸಪ್ಪ ಎದೆಯುಬ್ಬಿಸಿ ಇಳಿದ. ಯಾರೂ ಸ್ಕೂಟರು ನೋಡಲಿಲ್ಲ. ಎಲ್ಲರೂ ಅವನ ಕಾಲು ನೋಡುತ್ತಿದ್ದರು, ತೂರಾಡುತ್ತವೆಯೋ ಎಂದು. ಮೊದಲ ಬಸ್ಸಿಗೇ ಬಂದಿದ್ದ ಚಿನ್ನಪ್ಪ ಭಾವನನ್ನು ಹಿಡಿದುಕೊಳ್ಳಲು ತೋಳು ಚಾಚಿ ಓಡಿಬಂದ. ಮಣೆಯ ಮೇಲೆ ಹಸಿರು ಬಳೆ ತೊಟ್ಟು ಕೂತಿದ್ದ ಅಶ್ವಿನಿ ಅಪ್ಪನನ್ನೇ ದಿಟ್ಟಿಸುತ್ತಿದ್ದಳು.

ನಾಗಭೂಷಣಪ್ಪನವರು ಮುಖ ಗಂಟಿಕ್ಕಿಕೊಂಡು ಹತ್ತಿರ ಬಂದರು. "ಬೀಗರೆ, ಒಂದೀಟು ಹಿತ್ತಲಿಗೆ ಬರ್ರಿ. ಒಬ್ಬರೇ."

ಹಿತ್ತಲ ಕೊಟ್ಟಿಗೆಯ ಬಾಗಿಲು ಹಾಕಿದರು. ಮೂಲೆಯಲ್ಲಿ ಗೋಣಿತಾಟು ಹೊದಿಸಿದ ಏನೋ ಇತ್ತು. ಬಾಟಲಿಯ ಪೆಟ್ಟಿಗೆಯೇ ಇರಬೇಕೆಂದು ಮರಿಬಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಬೀಗರೆ, ಬಸವಣ್ಣನ ಆಣಿ, ನಾ ಕುಡಿಯಾವ ಅಲ್ಲ..."

"ಅದು ನನಗ ಗೊತ್ತಿಲ್ಲೇನು?" ನಾಗಭೂಷಣಪ್ಪ ಪಿಸುಗುಟ್ಟಿದರು. "ಕುಡಿಯಾವ ತುಂಬಿದ ಡಬ್ಬಿ ಕೇಳ್ತಾನ. ಖಾಲಿ ಡಬ್ಬಿ ಕೇಳಾವ ಥ್ರೆಡ್ ಕಳಕೊಂಡಾವ!"

ಗೋಣಿತಾಟು ಎಳೆದರು. ಕೆಳಗೆ ಮೆಣಸಿನ ಗಿಡಕ್ಕೆ ಔಷಧ ಹೊಡೆಯುವ, ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲ್ ಪಂಪು. ಅದರ ಪ್ಲಗ್ಗನ್ನು ಹಳೆಯ ಟವೆಲಿನಿಂದ ಬಿಗಿದು ಕಟ್ಟಿತ್ತು. ಪಕ್ಕದಲ್ಲಿ ಕತ್ತರಿಸಿದ ಬೀರು ತಗಡಿನ ಪಟ್ಟಿಗಳು, ಹನ್ನೊಂದು.

"ಊರಿಗೆಲ್ಲಾ ಹೇಳೀನಿ ಬೀಗರೆ, ನನ್ನ ಪಂಪಿಗೆ ಮೆಕ್ಯಾನಿಕ್ ಬೇಕಾಗಿಲ್ಲಂತ. ಯುಗಾದಿಗೆ ಪೂಜಿ ಮಾಡಿ ಒಂದು ಸುತ್ತು ಜಾಸ್ತಿ ಕೊಟ್ಟೆ. ಅವತ್ತಿಂದ ಇದು ಗೋಣಿತಾಟಿನ ಕೆಳಗ ಐತಿ. ಡಬ್ಬಿ ತರಾಕ ಬಳ್ಳಾರಿ ಮಟ ಹೋಗೀನಿ, ಇಲ್ಲಿ ಯಾರರ ನೋಡ್ಯಾರಂತ. ಒಂದೂ ಹಿಡೀಲಿಲ್ಲ." ಅವರು ಮರಿಬಸಪ್ಪನ ಎರಡೂ ಕೈ ಹಿಡಿದುಕೊಂಡರು. "ನಿಮ್ಮದು ಇಷ್ಟು ದೂರ ಹಿಡಿದೈತಿ. ನೀವೇ ಖರೇ ಇಂಜಿನಿಯರು. ಹೆಂಗ ಮಾಡಿದ್ರಿ, ಹೇಳ್ರಿ."

ಇಂಥ ಮಾತು ಕೇಳಬೇಕೆಂದು ಮರಿಬಸಪ್ಪ ಇಪ್ಪತ್ತೇಳು ವರ್ಷ ಕಾದಿದ್ದ. ಬಾಯಿ ತೆರೆದ. "ನಾ ಏನ್ ಮಾಡಿದೆ ಅಂದ್ರ..." ಎಂದ. ಕಣ್ಣ ಮುಂದೆ ಒಂದು ಓಲೆ, ಮೂರು ಬೆರಳು, ಮತ್ತು ತನ್ನ ಕೈಮೇಲೆ ಬಿದ್ದ ಪೆಟ್ಟು ಬಂದವು. ಮಾತು ಅಲ್ಲಿಯೇ ದಿಕ್ಕು ಬದಲಿಸಿತು.

"ನಾ ಮಾಡಿದ್ದು ಹಾರಿ ಹೋತು ಬೀಗರೆ. ಮೂರು ಸಲ. ಹಿಡಿದದ್ದು ನಮ್ಮನಿಯಾಕಿದು." ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಎದೆ ಸ್ಕೂಟರಿನಿಂದ ಇಳಿದಾಗಿನದಕ್ಕಿಂತ ಒಂದು ಗೇಣು ಹೆಚ್ಚೇ ಉಬ್ಬಿತ್ತು.

ಹೀಗಾಗಿ ಅಶ್ವಿನಿಯ ಕುಬಸ ಕಾಲು ಗಂಟೆ ತಡವಾಯಿತು. ಆರತಿ ತಟ್ಟೆ ಹಿಡಿಯಬೇಕಾದ ಗುರುಶಾಂತಮ್ಮ ಹಿತ್ತಲಲ್ಲಿ ತಾಮ್ರದ ಎಳೆ ಸುತ್ತುತ್ತಿದ್ದಳು. ಇಬ್ಬರು ಬೀಗರು ಎರಡು ಬದಿಗೆ ಕೈಕಟ್ಟಿ ನಿಂತಿದ್ದರು. ನಾಗಭೂಷಣಪ್ಪನವರ ಕೈ ತಾನಾಗಿಯೇ ಒಂದು ಪೈಪಿನ ಕಡೆ ಹೋಯಿತು. ಈ ಸಲ ಪೆಟ್ಟು ಕೊಟ್ಟವನು ಮರಿಬಸಪ್ಪ.

ಹಗ್ಗ ಜಗ್ಗಿದರು. "ಭರ್ರ್ರ್ರ್!" ಪಂಪು ನಾಲ್ಕು ತಿಂಗಳ ಮೌನ ಮುರಿದು ಗರ್ಜಿಸಿತು. ಅದರ ಗಾಳಿ ಊದುವ ಸೊಂಡಿಲು ಅಂಗಳದ ಕಡೆಗಿತ್ತು. ಬೀಸಿದ ಗಾಳಿಗೆ ಅಕ್ಷತೆಯೆಲ್ಲ ತಟ್ಟೆಯಿಂದೆದ್ದು ತಾನಾಗಿಯೇ ಅಶ್ವಿನಿಯ ತಲೆಯ ಮೇಲೆ ಬಿತ್ತು. ಅರಿಸಿನ ಕುಂಕುಮ ಚಿನ್ನಪ್ಪನ ಮುಖಕ್ಕೆ ಹೋಯಿತು.

"ಪಂಪು ಚಾಲೂ ಆತಲ್ಲೋ! ಯಾವ ಮೆಕ್ಯಾನಿಕ್ ಬಂದಿದ್ದ?" ಎಂದು ಅಂಗಳದಿಂದ ಯಾರೋ ಕೂಗಿದರು.

ಇಬ್ಬರು ಬೀಗರೂ ಒಟ್ಟಿಗೇ ಹೊರಬಂದರು. ಒಟ್ಟಿಗೇ ಎದೆಯುಬ್ಬಿಸಿದರು. "ಮೆಕ್ಯಾನಿಕ್ಕಾ? ನಮ್ಮ ಇಂಜಿನ್ನಿಗೆ ಈವರಿಗೂ ಒಬ್ಬ ಮೆಕ್ಯಾನಿಕ್ ಕೈ ಹಚ್ಚಿಲ್ಲ!"

ಅವರ ಹಿಂದೆಯೇ ಬಂದ ಗುರುಶಾಂತಮ್ಮ ಸೆರಗಿನಲ್ಲಿ ಕೈಯ ಎಣ್ಣೆ ಒರೆಸಿಕೊಂಡಳು. ಎಳೆ ಸುತ್ತುವುದನ್ನು ಬೀಗರಿಗೆ ತೋರಿಸಲೆಂದು ಬಿಚ್ಚಿದ್ದ ಓಲೆಯನ್ನು ಕಿವಿಗಿಟ್ಟು, ಎತ್ತಲೋ ನೋಡುತ್ತ, ಮೂರು ಬೆರಳಲ್ಲಿ ತಿರುಗಿಸಿದಳು. ಸುತ್ತು, ಸುತ್ತು, ಇನ್ನೊಂದು ಸುತ್ತು. ಹಿಡಿಯಿತು. ಅಲ್ಲಿಗೇ ಕೈ ಬಿಟ್ಟಳು.